ಕಾಲು ಸುತ್ತು ತಪ್ಪಿದ ಗಾಜು

ನಾರಾಯಣಪೇಟೆಯಲ್ಲಿ ನೇಕಾರರ ಓಣಿಗೆ ಹೊರಳುವ ಮೂಲೆಯಲ್ಲಿ ಆದೆಪ್ಪನ ಚಷ್ಮಾ ಅಂಗಡಿ ಇದೆ. ಬೋರ್ಡಿನ ಮೇಲೆ ಒಂದು ಸಾಲು ತೆಲುಗು, ಒಂದು ಸಾಲು ಉರ್ದು, ಅಡಿಯಲ್ಲಿ ಸಣ್ಣಗೆ ಕನ್ನಡ. ಊರವರು ಬೆನ್ನ ಹಿಂದೆ ಅವನನ್ನು ‘ಥೂ ಆದೆಪ್ಪ’ ಎನ್ನುತ್ತಾರೆ. ಆ ಹೆಸರು ಪುಕ್ಕಟೆ ಬಂದದ್ದಲ್ಲ, ಮೂವತ್ತು ವರ್ಷ ಮೂಗು ಮುರಿದು ಸಂಪಾದಿಸಿದ್ದು. ಗಿರಾಕಿ ತನ್ನ ಹಳೆಯ ಚಷ್ಮಾ ತೆಗೆದು ಮುಂದಿಟ್ಟನೆಂದರೆ ಆದೆಪ್ಪ ಅದನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ಎತ್ತುತ್ತಾನೆ. ಒಬ್ಬನ ಚಷ್ಮಾದ ಸಂದಿಯಲ್ಲಿ ನಶ್ಯ. ಇನ್ನೊಬ್ಬನದರಲ್ಲಿ ವಿಭೂತಿಗೆ ಬೆವರು ಕೂಡಿ ಗಟ್ಟಿಯಾದ ಹೆಂಟೆ. ಮತ್ತೊಬ್ಬಳ ಗಾಜಿನ ಮೇಲೆ ಕೊಬ್ಬರಿ ಎಣ್ಣೆ, ಎಣ್ಣೆಯ ಮೇಲೆ ರೊಟ್ಟಿಯ ಹಿಟ್ಟು.

“ಇವರ ಕಣ್ಣು ಹೋಗಿಲ್ಲ, ನಾಚಿಕಿ ಹೋಗೈತಿ” ಎಂದು ಅವನು ಹೆಂಡತಿ ಚನ್ನವೀರಮ್ಮನ ಮುಂದೆ ಹೇಳುತ್ತಿದ್ದ. “ಗಾಜು ತೊಳಕೊಂಡ್ರ ಅರ್ಧ ಮಂದಿಗೆ ನನ್ನ ಹತ್ತರ ಬರೋ ಕೆಲಸ ಇಲ್ಲ.”

“ತೊಳಕೊಂಡ್ರ ನೀವು ಉಣ್ಣೋದು ಏನ್ರಿ?” ಎಂದು ಅವಳು ಕೇಳುತ್ತಿದ್ದಳು. ಗಂಡನ ಊಟದ ತಾಟನ್ನು ತಾನು ಎರಡು ಸಲ ತೊಳೆದರೆ ಅವನು ಮೂರನೆಯ ಸಲ ತೊಳೆಯುವುದನ್ನು ಮದುವೆಯಾದಾಗಿನಿಂದ ನೋಡಿದವಳು ಅವಳು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನಾಗಿದ್ದಳು.

ಆದೆಪ್ಪ ಹುಟ್ಟಿದ್ದು ಮಕ್ತಲದಲ್ಲಿ. ಅಪ್ಪನದು ಸಂತೆಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ವ್ಯಾಪಾರ. ಅಂಗಡಿಯ ಮುಂದೆ ಇಡೀ ದಿನ ಮಂದಿ ಪಿಚಕ್ಕೆಂದು ಉಗುಳುತ್ತಿದ್ದರು, ಅಪ್ಪ ಉಗುಳಿನ ಮೇಲೆ ಬೂದಿ ಚೆಲ್ಲಿ ಮತ್ತೆ ಎಲೆ ಮಡಚುತ್ತಿದ್ದ. ಹದಿನೇಳು ತುಂಬಿದ ವರ್ಷ ಆದೆಪ್ಪ ರಾಯಚೂರಿನ ಬಸ್ಸು ಹತ್ತಿದ. ಅಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಗಾಜು ತೇಯುವುದನ್ನು ಕಲಿತ. ಗಾಜಿನಷ್ಟು ಚೊಕ್ಕ ಕೆಲಸ ಜಗತ್ತಿನಲ್ಲಿ ಮತ್ತೊಂದಿಲ್ಲ ಎಂದು ನಂಬಿದ್ದ. ಕಲಿತ ಮೇಲೆ ಗೊತ್ತಾಯಿತು, ಆ ಗಾಜು ಕೊನೆಗೆ ಹೋಗಿ ಕೂರುವುದು ಮನುಷ್ಯರ ಮೂಗಿನ ಮೇಲೆ.

ಉಸ್ತಾದರು ಕಲಿಸಿದ ಒಂದು ಪಾಠವನ್ನು ಅವನು ಅಂಗಡಿಯ ಗೋಡೆಯ ಮೇಲೇ ಬರೆದಿಟ್ಟಿದ್ದ. ಅಕ್ಷರದಲ್ಲಲ್ಲ, ಗೆರೆಯಲ್ಲಿ. ಎದುರಿನ ಸುಣ್ಣದ ಗೋಡೆಯ ಮೇಲೆ ಒಂದು ನಿಂತ ಗೆರೆ, ಅದನ್ನು ಅಡ್ಡ ಹಾಯುವ ಒಂದು ಮಲಗಿದ ಗೆರೆ. ಕೆಲವರ ಕಣ್ಣಿನ ಗುಡ್ಡೆ ಎಲ್ಲ ಕಡೆಗೂ ಒಂದೇ ಸಮ ದುಂಡಗಿರುವುದಿಲ್ಲ. ಅಂಥವರಿಗೆ ಒಂದು ದಿಕ್ಕಿನ ಗೆರೆ ಕಂಡರೆ ಇನ್ನೊಂದು ದಿಕ್ಕಿನದು ಕಲಸಿಹೋಗುತ್ತದೆ. ಅವರಿಗೆ ಕೊಡುವ ಗಾಜಿಗೂ ದಿಕ್ಕು ಉಂಟು. ಆ ದಿಕ್ಕನ್ನು ಮಸಿಯ ಚುಕ್ಕೆಯಿಂದ ಗುರುತು ಮಾಡಿ, ಗುರುತು ನೋಡಿ ಫ್ರೇಮಿನಲ್ಲಿ ಕೂರಿಸಿ, ಆಮೇಲೆ ಚಷ್ಮಾವನ್ನು ಕಣ್ಣ ಮುಂದೆ ಹಿಡಿದು ಗೋಡೆಯ ಗೆರೆಗಳನ್ನು ನೋಡಬೇಕು. ಗಾಜು ತಪ್ಪಿ ಕೂತಿದ್ದರೆ ಗೆರೆಗಳು ಸುಮ್ಮನಿರುವುದಿಲ್ಲ, ಕತ್ತರಿಯ ಬಾಯಿಯಂತೆ ತೆರೆದುಕೊಳ್ಳುತ್ತವೆ. “ಗೋಡೆಗೆ ತೋರಿಸದ ಚಷ್ಮಾ ಗಿರಾಕಿಗೆ ಕೊಡಬೇಡ” ಎಂಬುದು ಉಸ್ತಾದರ ಮಾತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಅದೇ ಮಾತು.

ಮೂವತ್ತು ವರ್ಷದಲ್ಲಿ ಆದೆಪ್ಪ ಗೋಡೆಗೆ ತೋರಿಸದೆ ಕೊಟ್ಟದ್ದು ಒಂದೇ ಒಂದು ಚಷ್ಮಾ.

ಅದು ಎರಡು ಸಾವಿರದ ಹದಿನಾಲ್ಕನೆಯ ಇಸವಿ ಜೂನ್ ಎರಡು, ತೆಲಂಗಾಣ ರಾಜ್ಯ ಹುಟ್ಟಿದ ದಿನ. ಬೆಳಗಿನಿಂದ ಬೀದಿಯಲ್ಲಿ ಡಪ್ಪಿನ ಬಡಿತ, ಪಟಾಕಿ, ಗುಲಾಲು. ರಾಜ್ಯ ಬಂದದ್ದಕ್ಕೆ ಆದೆಪ್ಪನಿಗೂ ಸಂತೋಷವೇ. ಆದರೆ ಗುಲಾಲು ಅಂಗಡಿಯೊಳಕ್ಕೆ ಬಂದಿತ್ತು. ಗಾಜಿನ ಕಪಾಟಿನ ಮೇಲೆ, ತೇಯುವ ಕಲ್ಲಿನ ಮೇಲೆ, ಅವನ ಹಲ್ಲಿನಲ್ಲಿ ಕೂಡ ಪುಡಿ. ಮೆರವಣಿಗೆಯವನೊಬ್ಬ ತಿಂದ ಲಡ್ಡುವಿನ ಕೈಯನ್ನು ಅಂಗಡಿಯ ಪರದೆಗೆ ಒರೆಸಿ ಹೋಗಿದ್ದ. ಬಾಗಿಲು ಹಾಕಿ ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರೆ ಸಾಕೆನಿಸಿತ್ತು.

ಆ ಹೊತ್ತಿಗೆ ಜಮ್ಮುಲಮ್ಮ ಬಂದಳು. ಗದ್ವಾಲದಲ್ಲಿ ಹುಟ್ಟಿ ನಾರಾಯಣಪೇಟೆಗೆ ಸೊಸೆಯಾಗಿ ಬಂದ ನೇಕಾರ ಹೆಣ್ಣುಮಗಳು, ಗಂಡ ತೀರಿದ ಮೇಲೆ ಶಿವಯ್ಯ ಎಂಬ ಸಾವ್ಕಾರನ ಶೆಡ್ಡಿನಲ್ಲಿ ಮಗ್ಗದ ಮೇಲೆ ಕೂತವಳು. ಚೌಕಳಿ ಸೀರೆ ನೇಯುವುದರಲ್ಲಿ ಅವಳ ಕೈಗೆ ಓಣಿಯಲ್ಲಿ ಜೋಡಿಯಿರಲಿಲ್ಲ. ಕಣ್ಣಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ದಿಕ್ಕಿನ ಗಾಜೇ ಬೇಕಿತ್ತು. ಗಾಜು ಆದೆಪ್ಪ ತರಿಸಿ, ತೇಯ್ದು, ಮಸಿಚುಕ್ಕೆ ಇಟ್ಟು ಸಿದ್ಧ ಮಾಡಿದ್ದ. ಫ್ರೇಮು ಮಾತ್ರ ಅವಳದು, ಗಂಡ ಹಾಕಿಕೊಳ್ಳುತ್ತಿದ್ದ ದುಂಡನೆಯ ಫ್ರೇಮು. ಅದರಲ್ಲೇ ಕೂರಿಸಬೇಕೆಂದು ಅವಳ ಹಟ.

ಆ ಫ್ರೇಮನ್ನು ಆದೆಪ್ಪ ಎರಡೇ ಬೆರಳಲ್ಲಿ ಎತ್ತಿದ. ಕಿವಿಯ ಕಡ್ಡಿಗೆ ಸುತ್ತಿದ ದಾರ ಎಣ್ಣೆ ಕುಡಿದು ಕಪ್ಪಾಗಿತ್ತು. ಸತ್ತವನ ಬೆವರಿನ ಮೇಲೆ ನೂಲಿಗೆ ಹಾಕುವ ಗಂಜಿ ಹಿಡಿದು, ಗಂಜಿ ಹುಳಿತು ನಾರುತ್ತಿತ್ತು. ಉಸಿರು ಬಿಗಿಹಿಡಿದು ಗಾಜು ಒಳಗಿಟ್ಟ. ನಾತ ಸಹಿಸಲಾರದೆ ಮೇಲಿಂದ ಸ್ಪಿರಿಟ್ ಸುರಿದು ಅರಿವೆಯಿಂದ ತಿಕ್ಕಿದ. ಹೊಲಸಿನ ಜೊತೆಗೆ ಮಸಿಯ ಚುಕ್ಕೆಯೂ ಅಳಿಸಿತು, ತಿಕ್ಕುವ ರಭಸಕ್ಕೆ ಗಾಜುಗಳು ದುಂಡನೆಯ ಫ್ರೇಮಿನಲ್ಲಿ ತಿರುಗಿದವು. ಬೇರೆ ದಿನವಾಗಿದ್ದರೆ ಬಿಚ್ಚಿ ಮತ್ತೆ ಗುರುತು ಮಾಡುತ್ತಿದ್ದ. ಅವತ್ತು ಅಂದಾಜಿನ ಮೇಲೆ ಒತ್ತಿ ಸ್ಕ್ರೂ ಬಿಗಿದ. ಅದನ್ನು ಕಣ್ಣಿಗೆ ಹಿಡಿದು ಗೋಡೆ ನೋಡಬೇಕೆಂದರೆ ಆ ಹೊಲಸನ್ನು ಮೂಗಿನ ಹತ್ತಿರ ತರಬೇಕು. ತರಲಿಲ್ಲ. “ತಗೋ, ಆತು ನಡಿ” ಎಂದು ಮೇಜಿನ ಮೇಲೆ ದೂಡಿ, ಕೈ ತೊಳೆಯಲು ಹೋದ.

ವಾರದ ಮೇಲೆ ಅವಳು ಮತ್ತೆ ಅಂಗಡಿಗೆ ಬಂದಳು.

“ಸಾವ್ಕಾರ್ರ, ಹಾಸಿನ ಎಳಿ ನಿಂತಂಗ ಕಾಣತಾವ್ರಿ. ಹೊಕ್ಕಿನ ಎಳಿ ಕರಗಿ ಹೋಗತಾವ” ಎಂದಳು. ಹಾಸು ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಹೊಕ್ಕು ಎಂದರೆ ಲಾಳಿ ಅಡ್ಡ ಹಾಯಿಸುವ ನೂಲು.

“ಹೊಸಾ ಚಷ್ಮಾ ಹಂಗ ಇರತೈತಿ. ಹತ್ತು ದಿನ ರೂಢಿ ಮಾಡ್ಕೋ.”

“ಎಣಿಸಾಕ ಆಗವಲ್ದು. ಚೌಕಳಿ ಸೊಟ್ಟ ಬರಾಕ ಹತ್ಯಾವ. ಇನ್ನೊಂದು ಸೀರಿ ಕೆಟ್ರ ಮಗ್ಗ ಬಿಟ್ಟು ಇಳಿ ಅಂದಾನ ಶಿವಯ್ಯ. ಒಂದೀಟು ನೋಡ್ರಿ.”

ಅವಳು ಚಷ್ಮಾ ತೆಗೆದು ಚಾಚಿದಳು. ಅದೇ ದಾರ, ಅದೇ ಗಂಜಿ. ಆದೆಪ್ಪ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಗಾಜು ಸರಿ ಐತಿ. ನಿನ್ನ ಕಣ್ಣು ಹೋಗ್ಯಾವ. ಅದಕ್ಕ ನಾ ಏನ್ ಮಾಡಲಿ?” ಎಂದ.

ಅವಳು ಮತ್ತೆ ಬರಲಿಲ್ಲ. ಚನ್ನವೀರಮ್ಮ ಒಮ್ಮೆ ಊಟದ ಹೊತ್ತಿಗೆ, ಜಮ್ಮುಲಮ್ಮನನ್ನು ಮಗ್ಗದಿಂದ ಇಳಿಸಿ ರಾಟೆಗೆ ಕೂರಿಸಿದರಂತೆ ಎಂದಳು. ಆದೆಪ್ಪ ಅನ್ನ ಕಲಸುತ್ತ, “ವಯಸ್ಸಾತಲ್ಲ” ಎಂದ. ತನ್ನ ಬೆನ್ನು ತನಗೆ ಕಾಣದು. ಎಷ್ಟು ತೊಳೆದುಕೊಂಡರೂ ಕಾಣದು.

ಎಂಟು ವರ್ಷ ಹೋಯಿತು. ನಾರಾಯಣಪೇಟೆ ಜಿಲ್ಲೆಯಾಯಿತು, ಬೀದಿ ಅಗಲವಾಯಿತು, ಮಂದಿಯ ಚಷ್ಮಾ ಮಾತ್ರ ಹಾಗೇ ಉಳಿಯಿತು. ಎರಡು ಸಾವಿರದ ಇಪ್ಪತ್ತೆರಡರ ಜುಲೈನಲ್ಲಿ ಗಂಗಾಂಬಿಕಾ ಎಂಬ ಟೀಚರು ಅಂಗಡಿಗೆ ಬಂದರು. ಮಕ್ತಲದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳುವವರು, ಇಡೀ ಜಿಲ್ಲೆಯಲ್ಲಿ ಚಷ್ಮಾ ತೊಳೆದು ತರುವ ಏಕೈಕ ಗಿರಾಕಿ. ಅವರ ಕೈಯಲ್ಲಿ ಬಣ್ಣದ ಚಿತ್ರಗಳ ಒಂದು ಕಂತೆಯಿತ್ತು. ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರು ದೂರದಲ್ಲಿ ನಿಲ್ಲಿಸಿರುವ ಹೊಸ ದೂರದರ್ಶಕ ಕಳಿಸಿದ ಮೊದಲ ಚಿತ್ರಗಳು.

“ಆದೆಪ್ಪಣ್ಣಾರ, ಹುಡುಗರಿಗೆ ಇದರ ಕನ್ನಡಿ, ಗಾಜು ಹೆಂಗ ಕೆಲಸ ಮಾಡತಾವಂತ ಹೇಳಬೇಕ್ರಿ. ಪುಸ್ತಕದ ಮಾತು ನಾ ಹೇಳತೀನಿ. ಕೈ ಕೆಲಸದ ಮಾತು ನಿಮ್ಮ ಬಾಯಾಗಿಂದ ಬರಲಿ” ಎಂದು ಚಿತ್ರಗಳ ಜೊತೆ ಒಂದು ಕನ್ನಡ ಪತ್ರಿಕೆಯನ್ನೂ ಬಿಟ್ಟುಹೋದರು.

ಆದೆಪ್ಪ ಓದಿದ. ಓದುತ್ತ ಓದುತ್ತ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹದಿನೆಂಟು ತುಂಡಿನ ಕನ್ನಡಿ, ಮೇಲೆ ಕೂದಲೆಳೆಗಿಂತ ತೆಳ್ಳನೆಯ ಚಿನ್ನದ ಲೇಪ. ಅದನ್ನು ಜೋಡಿಸಿದವರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟು, ಕೈಗೆ ಗವಸು ಹಾಕಿ, ಕೋಣೆಯ ಗಾಳಿಯನ್ನು ಸೋಸಿ ಕೆಲಸ ಮಾಡಿದ್ದರು. ಜಗತ್ತಿನಲ್ಲಿ ತನ್ನಂಥವರೂ ಇದ್ದಾರೆ ಎಂದು ಅವನಿಗೆ ಮೊದಲ ಸಲ ಅನ್ನಿಸಿತು. ಚನ್ನವೀರಮ್ಮನನ್ನು ಕರೆದು ಚಿತ್ರ ತೋರಿಸಿದ. ಅವಳು ನೋಡಿ, “ಇವರ ಹೆಂಡಂದಿರ ಗತಿ ಏನ್ರಿ” ಎಂದಳು.

ಪುಟ ತಿರುಗಿಸಿದರೆ ಮೂವತ್ತು ವರ್ಷ ಹಿಂದಿನ ಕಥೆ. ಇದಕ್ಕಿಂತ ಮುಂಚೆ ಹಾರಿಸಿದ ಹಬಲ್ ಎಂಬ ದೂರದರ್ಶಕ. ಅದರ ದೊಡ್ಡ ಕನ್ನಡಿಯನ್ನು ಬಲು ನಯವಾಗಿ ತೇಯ್ದಿದ್ದರು, ತಪ್ಪು ಆಕಾರಕ್ಕೆ. ಅಂಚಿನಲ್ಲಿ ಕೂದಲಿನ ಐವತ್ತನೆಯ ಒಂದು ಪಾಲಿನಷ್ಟು ಹೆಚ್ಚು ಸವೆದಿತ್ತು. ಅಳತೆಯ ಉಪಕರಣದಲ್ಲಿ ಒಂದು ಕಡೆ ಚೂರು ಬಣ್ಣ ಎದ್ದುಹೋಗಿ, ಅದರಿಂದ ಒಂದು ಗಾಜು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಸರಿದು ಕೂತಿತ್ತು. ಮೇಲೆ ಹೋದ ದೂರದರ್ಶಕ ಮಸುಕು ಮಸುಕು ಚಿತ್ರ ಕಳಿಸಿತು.

“ಥೂ” ಎಂದ ಆದೆಪ್ಪ. “ಅಷ್ಟು ಓದಿದ ಮಂದಿ, ಅಷ್ಟು ರೊಕ್ಕ. ಕಳಸೋಕಿಂತ ಮೊದಲ ಒಂದು ಸಲ ಗೋಡಿಗೆ ತೋರಸಾಕ ಏನಾಗಿತ್ತು?”

ಅದೇ ಅಸಹ್ಯವನ್ನು ಜೇಬಿನಲ್ಲಿಟ್ಟುಕೊಂಡು ಶನಿವಾರ ಬೆಳಗಿನ ಬಸ್ಸಿಗೆ ಮಕ್ತಲದ ಕಡೆ ಹೋದ. ಚೀಲದಲ್ಲಿ ನಾಲ್ಕು ಗಾಜು, ಒಂದು ಬಟ್ಟೆ, ಸಣ್ಣ ಸ್ಕ್ರೂಡ್ರೈವರು. ಎಂಟನೆಯ ತರಗತಿಯ ಹಲಗೆಯ ಮುಂದೆ ನಿಂತವನು ಮೊದಲು ಹಲಗೆಯನ್ನು ಎರಡು ಸಲ ಒರೆಸಿದ. ಮಕ್ಕಳು ನಕ್ಕರು.

“ದೂರದರ್ಶಕಾನ ಅಷ್ಟು ಮ್ಯಾಲೆ ಯಾಕ ಒಯ್ದು ಇಟ್ರು ಹೇಳ್ರಿ” ಎಂದು ಟೀಚರು ಕೇಳಿದರು.

“ಆಕಾಶದಾಗಿನ ಚಿಕ್ಕಿಗೆ ಹತ್ತರ ಆಗಲಿ ಅಂತ್ರೀ” ಎಂದಿತು ಒಂದು ಧ್ವನಿ.

“ಅಲ್ಲ” ಎಂದ ಆದೆಪ್ಪ. “ಚಿಕ್ಕಿ ಇರೋ ದೂರಕ್ಕ ಹದಿನೈದು ಲಕ್ಷ ಕಿಲೋಮೀಟರ್ ಯಾವ ಲೆಕ್ಕ? ಒಯ್ದದ್ದು ಹೊಲಸಿನಿಂದ ತಪ್ಪಿಸಾಕ. ಈ ಗಾಳಿ ಐತೆಲ್ಲ, ಇದು ಭೂಮಿ ಹಾಕ್ಕೊಂಡಿರೋ ಹೊಲಸು ಚಷ್ಮಾ. ಧೂಳು, ಹೊಗಿ, ಹಸಿ. ಬ್ಯಾಸಿಗ್ಯಾಗ ಡಾಂಬರ್ ರಸ್ತಾದ ಮ್ಯಾಲೆ ಬರೋ ಬಸ್ಸು ನೀರಾಗ ಅಲುಗಾಡಿದಂಗ ಕಾಣತೈತೋ ಇಲ್ಲೋ? ಚಿಕ್ಕಿ ಬೆಳಕೂ ಹಂಗ ಅಲುಗಾಡಿಕೋತ ಬರತೈತಿ. ಅರ್ಧ ಬೆಳಕನ್ನ ಈ ಗಾಳಿ ನುಂಗೇ ಬಿಡತೈತಿ.”

ಹೊಸ ದೂರದರ್ಶಕ ನೋಡುವುದು ಕಣ್ಣಿಗೆ ಕಾಣದ ಬೆಳಕನ್ನು ಎಂಬುದಕ್ಕೆ ಅವನು ರೊಟ್ಟಿಯ ಹಂಚಿನ ಮಾತು ಹೇಳಿದ. ಒಲೆ ಆರಿದ ಮೇಲೂ ಹಂಚಿನ ಹತ್ತಿರ ಕೈ ಒಯ್ದರೆ ಬಿಸಿ ತಿಳಿಯುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಆ ಬಿಸಿಯೂ ಒಂದು ಜಾತಿಯ ಬೆಳಕು. ದೂರದರ್ಶಕವೇ ಬಿಸಿಯಾದರೆ ತನ್ನ ಬಿಸಿಯೇ ತನಗೆ ಅಡ್ಡ, ಅದಕ್ಕೇ ಅದಕ್ಕೆ ಐದು ಪದರದ ಕೊಡೆ ಹಿಡಿದು ಬಿಸಿಲು ತಪ್ಪಿಸಿದ್ದಾರೆ. ಅದು ಹಿಡಿದ ಬೆಳಕಿನಲ್ಲಿ ಕೆಲವು ಕಿರಣಗಳು ಸಾವಿರದ ಮುನ್ನೂರು ಕೋಟಿ ವರ್ಷದ ಹಿಂದೆ ಹೊರಟಂಥವು, ಅಂದರೆ ಇವತ್ತು ನಾವು ನೋಡುತ್ತಿರುವುದು ಅಂದಿನ ಜಗತ್ತನ್ನು ಎಂದು ಟೀಚರು ಸೇರಿಸಿದರು. ಕಂದು ಬೆಟ್ಟಗಳಂತೆ ಕಾಣುವ ಒಂದು ಚಿತ್ರ ಎತ್ತಿಹಿಡಿದು, ಇದು ಧೂಳು ಮತ್ತು ಅನಿಲದ ಮೋಡ, ಇದರೊಳಗೇ ನಕ್ಷತ್ರ ಹುಟ್ಟುತ್ತವೆ, ಕಾಣುವ ಬೆಳಕು ಈ ಧೂಳನ್ನು ದಾಟಲಾರದು, ಬಿಸಿಯ ಬೆಳಕು ದಾಟುತ್ತದೆ ಎಂದರು.

“ಧೂಳಿನಾಗ ಹುಟ್ಟತಾವ್ರೀ?” ಎಂದಳು ಮುಂದಿನ ಸಾಲಿನ ಹುಡುಗಿ ಕಾವ್ಯ.

ಆದೆಪ್ಪನ ಮೂಗು ತಾನಾಗಿ ಮುರಿಯಿತು. ನಕ್ಷತ್ರವಾದರೂ ಚೊಕ್ಕ ಇರುತ್ತದೆಂದು ಇಷ್ಟು ದಿನ ನಂಬಿದ್ದ. ಅದರ ಹೆರಿಗೆಯೂ ಕಸದಲ್ಲೇ.

ಆಮೇಲೆ ಹಬಲ್ ಕಥೆ. ತಪ್ಪು ಕನ್ನಡಿಗೆ ಕೊನೆಗೆ ಚಷ್ಮಾದಂಥ ಸಣ್ಣ ಕನ್ನಡಿಗಳನ್ನು ಮಾಡಿ, ಮನುಷ್ಯರೇ ಮೇಲೆ ಹೋಗಿ ಕೂರಿಸಿ ಬಂದರು, ಅಲ್ಲಿಂದ ಮುಂದೆ ಅದು ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿ ನೋಡಿತು ಎಂದು ಹೇಳಿ ಅವನು ಎದೆ ಉಬ್ಬಿಸಿದ. ಚಷ್ಮಾದವನ ಕೆಲಸವೇ ಕೊನೆಗೆ ಬೇಕಾಯಿತಲ್ಲ.

“ಕಳಸೋಕಿಂತ ಮೊದಲ ಯಾರಿಗೂ ಗೊತ್ತಾಗಲಿಲ್ಲೇನ್ರಿ?” ಎಂದಳು ಕಾವ್ಯ.

“ಬ್ಯಾರೆ ಎರಡು ಅಳತಿ ತಪ್ಪೈತಿ ಅಂತ ತೋರಿಸಿದ್ವಂತ. ಇವರು ನಂಬಲಿಲ್ಲ. ನಮ್ಮ ಅಳತೀನ ಸರಿ, ಅವ ತಪ್ಪು ಅಂದ್ರು. ಅಹಂಕಾರ, ಮತ್ತೇನು” ಎಂದು ಆದೆಪ್ಪ ತುಟಿ ಸೊಟ್ಟ ಮಾಡಿದ. “ಗಾಜು ತಪ್ಪಿದ್ರ ಹೆಂಗ ಕಾಣತೈತಿ ತೋರಸ್ತೀನಿ, ಬಾ ಇಲ್ಲಿ.”

ಹಲಗೆಯ ಮೇಲೆ ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ ಎಳೆದ. ದಿಕ್ಕಿನ ಗಾಜೊಂದನ್ನು ಹುಡುಗಿಯ ಕಣ್ಣ ಮುಂದೆ ಹಿಡಿದ.

“ಏನ್ ಕಾಣತೈತಿ?”

ಕಾವ್ಯ ಇನ್ನೊಂದು ಕಣ್ಣು ಮುಚ್ಚಿ ನೋಡಿದಳು. “ನಿಂತಿದ್ದು ಕಾಣತೈತ್ರೀ. ಮಲಗಿದ್ದು ಕರಗಿ ಹೋಗೈತಿ.”

ಆದೆಪ್ಪನ ಕೈ ಹಾಗೇ ನಿಂತಿತು. ಆ ಮಾತನ್ನು ಅವನು ಮೊದಲೇ ಕೇಳಿದ್ದ. ಎಲ್ಲಿ ಎಂದು ಹುಡುಕಬೇಕಾಗಲಿಲ್ಲ. ಹುಳಿತ ಗಂಜಿಯ ನಾತ, ಸ್ಪಿರಿಟ್ಟು, ಅರಿವೆಗೆ ಹತ್ತಿದ ಮಸಿಯ ಕಲೆ, ಬೆನ್ನ ಹಿಂದೆ ಇಟ್ಟುಕೊಂಡ ತನ್ನ ಕೈ, ಎಲ್ಲ ಒಂದರ ಹಿಂದೊಂದು ಬಂದವು. ಜಮ್ಮುಲಮ್ಮ ಬಂದು ಅಳತೆ ಹೇಳಿದ್ದಳು. ಎಷ್ಟು ಸರಿಯಾಗಿ ಹೇಳಿದ್ದಳೆಂದರೆ ಉಸ್ತಾದರೂ ಹಾಗೆ ಹೇಳುತ್ತಿರಲಿಲ್ಲ. ಗಾಜನ್ನು ಕಾಲು ಸುತ್ತು ತಿರುಗಿಸಿದ್ದರೆ ಮುಗಿಯುತ್ತಿತ್ತು. ಕಣ್ಣು ಹೋಗ್ಯಾವ ಎಂದು ಕಳಿಸಿದವನು ತಾನು. ಆದೆಪ್ಪನಿಗೆ ತನ್ನ ಮೇಲೆಯೇ ವಾಕರಿಕೆ ಬಂತು. ಉಗುಳೋಣವೆಂದರೆ ಶಾಲೆಯ ನೆಲ ಚೊಕ್ಕವಿತ್ತು, ಬಾಯಲ್ಲಿ ಬಂದದ್ದನ್ನು ನುಂಗಿಕೊಂಡ.

ಊಟಕ್ಕೆ ನಿಲ್ಲಿರೆಂದು ಟೀಚರು ಅಂದರೂ ನಿಲ್ಲದೆ ಬಸ್ಸು ಹಿಡಿದ. ನಾರಾಯಣಪೇಟೆಯಲ್ಲಿ ಇಳಿದು ಅಂಗಡಿಯ ಬಾಗಿಲು ದಾಟಿ ನೇರ ಶಿವಯ್ಯನ ಶೆಡ್ಡಿಗೆ ನಡೆದ. ಮಧ್ಯಾಹ್ನದ ಮಗ್ಗಗಳ ಸದ್ದಿನ ನಡುವೆ, ಮೂಲೆಯ ರಾಟೆಯ ಮುಂದೆ ಕೂತು ಜಮ್ಮುಲಮ್ಮ ಲಾಳಿಯ ಕಡ್ಡಿಗಳಿಗೆ ನೂಲು ಸುತ್ತುತ್ತಿದ್ದಳು. ಬೆರಳಿಗೆ ತಿಳಿದರೆ ಸಾಕು, ಕಣ್ಣು ಬೇಡದ ಕೆಲಸ. ಎರಡು ಮೊಳ ದೂರದಲ್ಲಿ ಅವಳ ಹಳೆಯ ಮಗ್ಗದ ಮೇಲೆ ರೇಷ್ಮಾ ಎಂಬ ಎಳೆಯ ಹೆಂಗಸು ಕೂತಿದ್ದಳು.

“ಜಮ್ಮುಲಮ್ಮಾರ, ನಾ ಚಷ್ಮಾದ ಆದೆಪ್ಪ” ಎಂದ.

“ದನಿ ಮ್ಯಾಲೆ ಗುರ್ತ ಹಿಡದೆ” ಎಂದಳು ಅವಳು.

“ಅವತ್ತಿನ ಚಷ್ಮಾ ಐತೇನ್ರಿ? ಒಗದ್ರೇನು?”

“ಯಾಕ ಒಗೀಲಿ? ಮನಿಯವ್ರದು” ಎಂದು ಅವಳು ಸೊಂಟದ ಚೀಲದಿಂದ ಅರಿವೆಯ ಗಂಟು ಬಿಚ್ಚಿದಳು. “ದಿನಾ ಒಂದಿಷ್ಟು ಹೊತ್ತು ಹಾಕ್ಕೋತೀನ್ರಿ. ತಲಿ ಶೂಲಿ ಏಳೋ ತನಕ ಹಾಕ್ಕೊಂಡು ತಗದು ಇಡತೀನಿ. ರೂಢಿ ಮಾಡ್ಕೋ ಅಂದಿದ್ರಲ್ಲ. ನನಗ ಇನ್ನಾ ರೂಢಿ ಆಗಿಲ್ಲ.”

ಎಂಟು ವರ್ಷ. ಆದೆಪ್ಪ ಚಷ್ಮಾವನ್ನು ಐದೂ ಬೆರಳಲ್ಲಿ ಹಿಡಿದ. ಅದೇ ದಾರ, ಮತ್ತಷ್ಟು ಕಪ್ಪು. ಕಣ್ಣಿನ ಹತ್ತಿರ ತಂದು ಮಗ್ಗದ ಮೇಲಿನ ಚೌಕಳಿಯನ್ನು ನೋಡಿದ. ಕೆಂಪು ಗೆರೆಗಳು ಕತ್ತರಿಯ ಬಾಯಿಯಂತೆ ತೆರೆದುಕೊಂಡವು. ಅಷ್ಟೇ ಸಾಕಾಗಿತ್ತು. ನೆಲದ ಮೇಲೆ, ನೂಲಿನ ಕಸದಲ್ಲೇ ಕೂತು ಸ್ಕ್ರೂ ಸಡಿಲಿಸಿ ಎರಡೂ ಗಾಜನ್ನು ಕಾಲು ಸುತ್ತು ತಿರುಗಿಸಿದ, ಮತ್ತೆ ಚೌಕಳಿಗೆ ತೋರಿಸಿದ, ಗೆರೆಗಳು ಸುಮ್ಮನೆ ನಿಂತ ಮೇಲೆ ಬಿಗಿದ. ಎಲ್ಲ ಸೇರಿ ಒಂದು ಚಹಾ ಕುಡಿಯುವಷ್ಟು ಹೊತ್ತು.

ಜಮ್ಮುಲಮ್ಮ ಹಾಕಿಕೊಂಡಳು. ಎದ್ದು ಮಗ್ಗದ ಮೇಲೆ ಬಾಗಿದಳು. ಉಗುರಿನ ತುದಿಯಿಂದ ಎಳೆಗಳನ್ನು ಮುಟ್ಟುತ್ತ ತೆಲುಗಿನಲ್ಲಿ ಎಣಿಸುತ್ತ ಹೋದಳು.

“ರೇಷ್ಮಾ, ಈ ಚೌಕಳಿ ಮನ್ಯಾಗ ಹೊಕ್ಕು ಒಂದೆಳಿ ಕಮ್ಮಿ ಬಿದ್ದೈತಿ ನೋಡು” ಎಂದಳು.

ರೇಷ್ಮಾ ಕೈ ನಿಲ್ಲಿಸಿ ಎಣಿಸಿದಳು. ಒಂದೆಳೆ ಕಮ್ಮಿಯೇ ಇತ್ತು.

ಜಮ್ಮುಲಮ್ಮ ಆದೆಪ್ಪನ ಕಡೆ ತಿರುಗಿದಳು. “ಏನಾಗಿತ್ತು ಇದಕ್ಕ?”

“ಅವತ್ತ ನಾ ಗಾಜು ತಿರುವಿ ಕೂರಿಸಿದ್ದೆ” ಎಂದ ಆದೆಪ್ಪ. “ಫ್ರೇಮು ಹೊಲಸ ಅಂತ ಕಣ್ಣಿಗೆ ಹಿಡದು ನೋಡಲಿಲ್ಲ. ನೀವು ಎರಡನೇ ಸಲ ಬಂದಾಗೂ ಮುಟ್ಟಲಿಲ್ಲ. ನಿಮ್ಮ ಕಣ್ಣು ಹೋಗಿರಲಿಲ್ಲ. ತಪ್ಪು ನಂದ.”

ಪಕ್ಕದ ಮಗ್ಗಗಳೂ ನಿಂತಿದ್ದವು. ಶಿವಯ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ.

“ಹೊಲಸ ಅಂದಿ” ಎಂದಳು ಜಮ್ಮುಲಮ್ಮ. ಬಹುವಚನ ಎಲ್ಲೋ ಬಿದ್ದುಹೋಗಿತ್ತು. “ಅದು ನಮ್ಮವ್ರ ಬೆವರು. ಮ್ಯಾಲಿಂದು ನನ್ನ ಕೆಲಸದ ಗಂಜಿ. ಎಂಟು ವರ್ಷ ನಾ ನನ್ನ ಕಣ್ಣಿಗೆ ಬೈಕೋತ ಕುಂತೆ.”

“ಸೋಮವಾರ ಅಂಗಡಿಗೆ ಬರ್ರಿ. ಕಣ್ಣು ಮತ್ತ ತೋರಿಸಿ ಹೊಸಾದ ಮಾಡಿ ಕೊಡತೀನಿ. ಒಂದೀಟು ಇಲ್ಲಿ ಕೊಡ್ರಿ, ಗಾಜು ಒರಸತೀನಿ” ಎಂದು ಆದೆಪ್ಪ ಚೀಲದಿಂದ ಬಟ್ಟೆ ತೆಗೆದು ಕೈ ಚಾಚಿದ.

ಅವಳು ಕೊಡಲಿಲ್ಲ. ಚಷ್ಮಾವನ್ನು ಕಣ್ಣಿನಿಂದ ತೆಗೆದಳು. ಅವನ ಬೆರಳು ಎಲ್ಲೆಲ್ಲಿ ತಾಗಿತ್ತೋ ನೋಡಿ ನೋಡಿ, ಎರಡು ಗಾಜು, ಎರಡು ಕಡ್ಡಿ, ನಡುವಿನ ಮೂಗಿನ ಜಾಗ, ಒಂದೂ ಬಿಡದೆ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದಳು. ಒರೆಸಿದ ಸೆರಗಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಕೊಡವಿ, ಚಷ್ಮಾ ಹಾಕಿಕೊಂಡು, ರಾಟೆಯ ಮುಂದೆ ಹೋಗಿ ಕೂತಳು.